ಅರ್ಧ ಹನಿ

ಮೂರನೇ ಸಲವೂ ಕೆಟ್ಟಿತು.
ರಿಪ್ಪನ್‌ಪೇಟೆಯಿಂದ ಬಸ್ಸಿನಲ್ಲಿ
ತೊಡೆಯ ಮೇಲಿಟ್ಟುಕೊಂಡು ತಂದ ಜೀರಿಗೆಮಿಡಿಯ ಉಪ್ಪುನೀರು,
ಸೋಸಿ, ತಿಳಿಯಾಗಿಸಿ, ಹತ್ತು ಎಂಎಲ್ ಅಳೆದು
ಫ್ಲಾಸ್ಕಿಗೆ ಇಳಿಸಿದ್ದೆ.
ಮೇಲಿನ ಬ್ಯೂರೆಟ್ಟಿನಿಂದ ಕ್ಷಾರ
ನನ್ನ ಬೆರಳಿನ ಅವಸರಕ್ಕೆ ದಬದಬನೆ ಬಿದ್ದು
ಒಮ್ಮೆಗೇ ರಾಣಿಗುಲಾಬಿ,
ನಾಟಕದ ಕಂಪನಿಯವರ ಕೆನ್ನೆಯ ಹಾಗೆ.

"ಆಮ್ಲ ಮುಗಿದು ಹೋಗಿದೆ, ನೀನಿನ್ನೂ ಸುರೀತಿದ್ದಿ"
ಎಂದ ಮೇಡಂ ರೆಕಾರ್ಡಿನಲ್ಲಿ
ಕೆಂಪು ಸುತ್ತು ಹಾಕಿ ಊಟಕ್ಕೆ ಹೋದರು.

ಹೊರಗೆ ಕಟ್ಟೆಯ ಪಕ್ಕ ಎಲೆಯಡಿಕೆ ಉಗಿದು
ಬಾಯಿ ಮುಕ್ಕಳಿಸಿ ಒಳಬಂದರು ಹುಚ್ಚರಾಯಪ್ಪ.
ಸಾಗರದ ಈ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ
ಗಾಜು ತೊಳೆದ ಕೈ,
ಉಗುರಿನ ಸಂದಿಯಲ್ಲಿ ಸುಣ್ಣ.

"ಬರೀ ಎಲೆ ಅಡಿಕೆ ಅಗಿದು ನೋಡು ತಾಯಿ, ಬಾಯಿ ಕೆಂಪಾಗಲ್ಲ.
ಸುಣ್ಣ ತಾಗಬೇಕು.
ಜಾಸ್ತಿಯಾಯ್ತೋ, ನಾಲಿಗೆ ಸುಡ್ತದೆ.
ಆರತಿ ತಟ್ಟೆ ನೀರಿಗೂ ಅಷ್ಟೇ, ಅರಿಶಿನಕ್ಕೆ ಚೂರು ಸುಣ್ಣ.
ನಿಮ್ಮ ಪುಸ್ತಕದಾಗೆ ಅದಕ್ಕೆ ಏನೋ ಹೆಸರಿರಬೇಕು."

ಇದೆ. ಸೂಚಕ. ನಿನ್ನೆಯಷ್ಟೇ ಬಾಯಿಪಾಠ ಮಾಡಿದ್ದೆ.

"ನೀವು ಮಾಡಿದ್ದೀರಾ ಇದನ್ನ?"
"ಮಾಡೋದು ನಿಮ್ದು. ತೊಳೆಯೋದು ನಮ್ದು."

ನಾನು ಸ್ಟೂಲಿನಿಂದ ಎದ್ದೆ.
ಅವರು ಬಾಗಿಲ ಕಡೆ ಒಮ್ಮೆ ನೋಡಿದರು,
ಕೈ ಒರೆಸಿಕೊಂಡರು, ಇನ್ನೊಮ್ಮೆ ಒರೆಸಿಕೊಂಡರು.
ಎಡಗೈ ತಿರುಪಿನ ಮೇಲೆ,
ಬಲಗೈಯಲ್ಲಿ ಫ್ಲಾಸ್ಕು ತಣ್ಣಗೆ ಸುತ್ತತೊಡಗಿತು,
ತೊಟ್ಟಿಲಿನ ಮಗು ಎದ್ದೀತು ಎಂಬಂತೆ.

ಒಂದು ಹನಿ. ಗುಲಾಬಿ ಮೂಡಿತು, ಮಾಯವಾಯಿತು.
ಒಂದು ಹನಿ. ಸ್ವಲ್ಪ ತಡೆದು, ಮಾಯ.
ಕ್ಯಾಂಟೀನಿನಲ್ಲಿ ಯಾರೋ ತಟ್ಟೆ ಬೀಳಿಸಿದರು.
ಒಂದು ಹನಿ.
ಆಮೇಲೆ ತಿರುಪು ಮುಚ್ಚಿಯೇಬಿಟ್ಟರು.
ತುದಿಯಲ್ಲಿ ತೂಗುತ್ತಿತ್ತು, ಬೀಳುವಷ್ಟು ಭಾರವಿಲ್ಲದ್ದು,
ಅರ್ಧ ಹನಿ.
ಅದನ್ನು ಫ್ಲಾಸ್ಕಿನ ಒಳಗೋಡೆಗೆ ಮುಟ್ಟಿಸಿ
ನೀರಿನಿಂದ ಕೆಳಗೆ ತೊಳೆದರು.

ಅಡಿಯಲ್ಲಿ ಬಿಳಿ ಹಾಳೆ ಇಟ್ಟರೆ ಮಾತ್ರ
ಇದೆಯೆಂದು ತಿಳಿಯುವ ಬಣ್ಣ.
ಮೂವತ್ತು ಎಣಿಸಿದೆವು. ಇತ್ತು.

"ಎಂಟು, ಮೇಲೆ ನಾಲ್ಕು ಗೆರೆ. ಬಾಗಿದ್ದರ ತಳ ನೋಡಿ ಬರ್ಕೋ."
ಬರೆದುಕೊಂಡೆ.
"ಇನ್ನು ಆ ಮಿಡಿ ಉಳಿದದೆಯೋ, ಇಲ್ಲವೋ?"

ಬ್ಯಾಗಿನಲ್ಲಿದ್ದ ಊಟದ ಡಬ್ಬಿಯಿಂದ ಒಂದು ಕೊಟ್ಟೆ.
ಹೊಸಿಲು ದಾಟಿ ಹೊರಗೇ ನಿಂತು ಕಚ್ಚಿದರು,
ಒಂದು ಕಣ್ಣು ಮುಚ್ಚಿಹೋಯಿತು.
"ಎಂಟೂ ನಾಲ್ಕಾ? ಇದು ಹತ್ತರ ಮೇಲಿನ ಹುಳಿ!
ನಿಮ್ಮ ಗಾಜಿಗೆ ಹಲ್ಲಿಲ್ಲ, ಅದಕ್ಕೇನು ಗೊತ್ತು."
ನಗುತ್ತಲೇ ಅಂದರು, "ಒಂದು ಸಲ ಬಂದದ್ದು ಲೆಕ್ಕಕ್ಕಿಲ್ಲ,
ಎರಡು ಸಲ ಅಷ್ಟೇ ಬರಬೇಕು. ಕೂತ್ಕೋ."

ಗಡಿಯಾರದಲ್ಲಿ ಎರಡಾಗಲು ಹತ್ತು ನಿಮಿಷ.
ಪಿಪೆಟ್ಟು ತೊಳೆದು ಮತ್ತೆ ಹತ್ತು ಎಂಎಲ್.
ಏಳರ ತನಕ ಧಾರಾಳವಾಗಿ ಬಿಟ್ಟೆ.
ಎಂಟರ ನಂತರ
ಉಸಿರೂ ಹನಿಹನಿಯಾಗಿ.