ಹನ್ನೊಂದನೆಯ ಬಿಲ್ಲೆ

ಬಿಲ್ಲೆ ಅಂದರೆ ಇಷ್ಟೇ, ಕೋಟಿನ ಗುಂಡಿಗಿಂತ ತುಸು ದೊಡ್ಡದು,
ಒಳಗೆ ಚಿಟಿಕೆ ಇದ್ದಿಲು.
ಪಂಪಿಲ್ಲ, ಸದ್ದಿಲ್ಲ. ಕೊರಳಪಟ್ಟಿಗೆ ಸಿಕ್ಕಿಸಿದರೆ
ಉಸಿರಾಡುವವರ ಪಕ್ಕ ಕೂತು
ತಾನೂ ಉಸಿರಾಡುತ್ತದೆ,
ಒಳಕ್ಕೆ ಮಾತ್ರ.

ಫೆಲ್ಗೇರಾಸಿನ ಈ ಬೂಟು ಕಾರ್ಖಾನೆಗೆ ಹದಿನಾರು ತಂದಿದ್ದೆ.
ಹದಿನಾಲ್ಕು, ಅಂಟಿನ ಮೇಜಿನ ಹೆಂಗಸರಿಗೆ.
ಎರಡು, ಮುಚ್ಚಳ ತೆಗೆಯದೆ ಇಡಬೇಕಾದವು,
ಉಳಿದವು ಸುಳ್ಳು ಹೇಳಿದರೆ ಗೊತ್ತಾಗಲೆಂದು.

ಕಿಟಕಿಗಳು ತೆರೆದಿದ್ದವು.
ಚಿಲಕದ ಮೇಲೆ ಹಳೆಯ ಬಣ್ಣ ಈಗಷ್ಟೇ ಒಡೆದ ಗುರುತು.
ಮೇಸ್ತ್ರಿ ಅರ್ಮಿಂದು ಫ್ಯಾನಿನ ಧೂಳು ಒರೆಸುತ್ತ
ನಮಸ್ಕಾರ ಅಂದ. ನಾನೂ ಅಂದೆ.
ಬರೆದುಕೊಂಡೆ: ಕಿಟಕಿ, ತೆರೆದಿದೆ.
ಯಾವಾಗಿನಿಂದ ಎಂದು ಕೇಳುವ ಕಾಲಮ್ಮು ನಮೂನೆಯಲ್ಲಿಲ್ಲ.

ಹನ್ನೊಂದನೆಯವಳು ದೆಯೊಲಿಂದ.
ತಲೆಸುತ್ತು? ಇಲ್ಲ.
ಬೆರಳು ಜೋಮು? ಇಲ್ಲವೇ ಇಲ್ಲ.
ಪಿನ್ನು ತಾನೇ ಸಿಕ್ಕಿಸಿಕೊಳ್ಳಲು ಹೋದಳು,
ಮೂರು ಸಲ ಜಾರಿತು.
ನಾನು ಸಿಕ್ಕಿಸಿದೆ. ಇಬ್ಬರೂ ಬೇರೆಲ್ಲೋ ನೋಡಿದೆವು.
ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದಂತೆ.
ಹತ್ತೊಂಬತ್ತು ವರ್ಷದಿಂದ ಅಂಟು ಈ ಮೂಗು ಹಿಡಿದು ಕೂತಿದೆ,
ಬಾಯಿ ಇನ್ನೂ ಮುಚ್ಚಿಯೇ ಇದೆ.

ಸಂಜೆ ಎಣಿಸಿದರೆ ಹದಿಮೂರು.

ಮರುದಿನ ತಂದುಕೊಟ್ಟಳು, ಬ್ರೆಡ್ಡಿನ ಕಾಗದದಲ್ಲಿ ಸುತ್ತಿ.
ಮರೆತೇಬಿಟ್ಟೆ, ಏಪ್ರನ್ನಿನಲ್ಲೇ ಉಳಿದಿತ್ತು,
ಏಪ್ರನ್ನು ಅಡುಗೆಮನೆಯ ಮೊಳೆಗೆ,
ಮೊಳೆಯ ಕೆಳಗೆ ಮೊಮ್ಮಗಳ ಮಂಚ,
ಒಲೆಯ ಹತ್ತಿರ ಬೆಚ್ಚಗಿರುತ್ತದಲ್ಲ, ಅದಕ್ಕೆ.

ನಿಯಮ ಸ್ಪಷ್ಟ: ಪಾಳಿ ಮೀರಿದ ಮಾದರಿ ಅಮಾನ್ಯ.
ಅಮಾನ್ಯ ಎಂದು ಬರೆದೇ ಪ್ರಯೋಗಾಲಯಕ್ಕೆ ಕಳಿಸಿದೆ,
ಖರ್ಚು ನನ್ನ ಹೆಸರಿಗೆ.

ಎರಡು ವಾರಕ್ಕೆ ಉತ್ತರ ಬಂತು.
ಹದಿಮೂರೂ ಮಿತಿಯೊಳಗೆ.
ಮುಚ್ಚಳ ತೆಗೆಯದವು ಎರಡೂ ಖಾಲಿ: ಯಾರೂ ಸುಳ್ಳು ಹೇಳಿಲ್ಲ.
ಹನ್ನೊಂದರ ಮುಂದೆ ಒಂದು ನಕ್ಷತ್ರ,
ಪಕ್ಕದಲ್ಲಿ, ಸಾಲಿನಲ್ಲಿ ಹಿಡಿಸದೆ ಕೆಳಕ್ಕಿಳಿದ ಅಂಕಿ.
ಅದನ್ನು ಎಷ್ಟರಿಂದ ಭಾಗಿಸಲಿ?
ಎಂಟು ಗಂಟೆಯಿಂದಲೋ, ಇಪ್ಪತ್ತಮೂರರಿಂದಲೋ?
ಮಂಚದ ಮೇಲೆ ಮಲಗುವವಳಿಗೆ
ಪಾಳಿ ಎಷ್ಟು ಹೊತ್ತಿನದು?

ವರದಿಗೆ ಸಹಿ ಹಾಕುವ ಮೊದಲು ಫೋನು ಮಾಡಿದೆ.
ಏಪ್ರನ್ನು ಮನೆಯೊಳಗೆ ತರಬೇಡಿ, ಅಂದೆ.
ಆಗಲಿ, ಅಂದಳು.
ಅತ್ತ ಕಡೆ ಪಾತ್ರೆ ಇಟ್ಟ ಸದ್ದು, ಮಗುವಿನ ಕೆಮ್ಮು,
ಆಮೇಲೆ ದನಿ ತಗ್ಗಿಸಿ:
ರಾತ್ರಿ ನನ್ನ ತಲೆಗೂದಲು ಹಿಡಿದುಕೊಂಡೇ ನಿದ್ದೆ ಮಾಡ್ತಾಳೆ,
ಅದನ್ನೆಲ್ಲಿ ನೇತುಹಾಕಲಿ?