ನಿಲ್ಲುವ ಹಕ್ಕು

ಮೊದಲ ವಾರವೇ ಮೇಷ್ಟ್ರು ಹೇಳಿದರು:
ನ್ಯಾಯಾಲಯ ಮೊದಲು ಕೇಳುವುದು ಸತ್ಯವನ್ನಲ್ಲ,
ಇಲ್ಲಿ ನಿಲ್ಲಲು ನಿನಗೇನು ಹಕ್ಕು, ಅದನ್ನು.
ಯಾರಿಗೆ ನೋವಾಗಿದೆಯೋ ಅವರು ನಿಲ್ಲಬಹುದು.
ಹಳ್ಳ ನಿಲ್ಲುವಂತಿಲ್ಲ. ಸಾಮನ್ ಮೀನಂತೂ,
ಕಾಲಿಲ್ಲದ್ದು ನಿಲ್ಲುವುದೆಂತು ಎಂದು
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ನಾನೂ ನಕ್ಕೆ. ಆಮೇಲೆ ಪೋರ್ಟ್‌ಲ್ಯಾಂಡಿನಿಂದ
ಬಸ್ಸು ಹಿಡಿದು ಅಸ್ಟೋರಿಯಾಕ್ಕೆ ಬಂದೆ,
ಜೀವಮಾನವೆಲ್ಲ ನಿಂತೇ ಇದ್ದವನ ಹತ್ತಿರ.

ಅಪ್ಪ ಬಲೆಯ ತೂತು ಹೆಣೆಯುತ್ತಿದ್ದ.
ಅಜ್ಜಿಯ ಹೆಸರಿನ ದೋಣಿ, ಹೆಲ್ಮಿ,
ವರ್ಷಕ್ಕೆ ಒಂಬತ್ತು ದಿನ ನೀರಿಗೆ,
ಮಿಕ್ಕಂತೆ ಅಂಗಳಕ್ಕೆ; ಬೆಕ್ಕು ಅದರಲ್ಲಿ ಮರಿ ಹಾಕಿತ್ತು.

ಕಾಫಿ ಲೋಟ ಸರಿಸಿ ಕಾಗದ ಹರವಿದೆ.
ಕ್ನುಟ್ಸನ್ ಹಳ್ಳ. ಆಗಸ್ಟ್ ಹದಿನಾಲ್ಕು, ಮಧ್ಯಾಹ್ನ ಮೂರು,
ಎಪ್ಪತ್ತೊಂದು ಡಿಗ್ರಿ. ಹದಿನೈದಕ್ಕೆ ಎಪ್ಪತ್ತೆರಡು.
ಹಳೇ ಬಲೆದಾರಕ್ಕೆ ಥರ್ಮಾಮೀಟರ್ ಕಟ್ಟಿ
ಬೇಸಿಗೆಯೆಲ್ಲ ನಾನೇ ಇಳಿಬಿಟ್ಟು ಬರೆದದ್ದು.
ದಡದ ಆಲ್ಡರ್ ಮರ ಕಡಿದವರು
ನೆರಳನ್ನೂ ಲಾರಿಗೆ ಹೇರಿಕೊಂಡು ಹೋದರು
ಅಂತಲೂ ಬರೆದಿದ್ದೆ. ಹಿರಿಯ ವಕೀಲೆ ಅದನ್ನು ಹೊಡೆದುಹಾಕಿ
'ಕವಿತೆ ಬೇಡ' ಎಂದು ಅಂಚಿನಲ್ಲಿ ಗೀಚಿದ್ದಳು.

"ನಿನಗೆ ನೋವಾಗಿದೆ ಅಂತ ಬರೀಬೇಕು, ಅಪ್ಪ."
"ಎಲ್ಲಿ?"
"ಇಲ್ಲಿ, ಏಳನೇ ಕಲಮಿನಲ್ಲಿ."
ಅವನು ಕೇಳಿದ್ದು ಅದಲ್ಲ. ಮೊಣಕಾಲು ತೋರಿಸಿದ,
ಆಮೇಲೆ ಬೆರಳು, ಚಳಿಗೆ ಸೆಟೆದು ಮಡಚಲು ಬಾರದ ಎರಡು.
ಇವು ಹಳ್ಳದ ಲೆಕ್ಕಕ್ಕೆ ಬರುತ್ತವಾ?
ಬರೋದಿಲ್ಲ ಅಂದೆ.

ತುಸು ಹೊತ್ತು ಬಿಟ್ಟು ಅವನೇ ಹೇಳಿದ, ನಾನು ಬರೆದುಕೊಂಡೆ:
ಮೀನು ಹಳ್ಳದ ಬಾಯಿಗೆ ಬಂತು. ನೀರು ಮೂಸಿತು.
ತನ್ನದೇ ಮನೆಯ ಬಾಗಿಲಲ್ಲಿ
ಕರೆಯದೆ ಬಂದ ನೆಂಟನ ಹಾಗೆ ನಿಂತಿತು.
ಮೂರು ದಿನ ನಿಂತಿತು. ನಾಲ್ಕನೇ ದಿನ ಬರೀ ಬಿಳಿ ಹೊಟ್ಟೆ.
ನಾನು ಬಲೆ ಹಾಕಲಿಲ್ಲ. ಹಾಕಬಹುದಿತ್ತು.

ನಾನು ಹೇಳಲಿಲ್ಲ, ಅವನಿಗೆ ಗೊತ್ತು:
ಗೆದ್ದರೆ ಬರುವ ಆದೇಶ
ಮರ ಕಡಿಯುವವನ ಗರಗಸಕ್ಕಿಂತ ಮುಂಚೆ
ಆ ಒಂಬತ್ತು ದಿನಗಳ ಬಲೆಯನ್ನೇ ಮುಚ್ಚಿಸಬಹುದು.
ನನ್ನ ಫೀಸು ಕಟ್ಟಿದ ಬಲೆ.
"ಸಹಿ ಎಲ್ಲಿ?" ಅಂದ.
ವೇಯ್ಕೊ ಲಾಹ್ತಿ. ಸೆಟೆದ ಬೆರಳಿನ ದೊಡ್ಡ ಅಕ್ಷರ,
ಗೆರೆ ದಾಟಿ ಕೆಳಗಿನ ದಿನಾಂಕದ ಮೇಲೂ ಹರಿಯಿತು.

ನೋಟರಿ ಮಿಸೆಸ್ ಪೆಲ್ಟೊ ಗುರುತಿನ ಚೀಟಿ ಕೇಳಿದಳು.
ಅಪ್ಪ ಪರ್ಸಿನಿಂದ ಹಳೇ ಮೀನುಗಾರಿಕೆ ಪರವಾನಗಿ ತೆಗೆದ.
ಅದರಲ್ಲಿ ಮೀಸೆ ಇತ್ತು, ಅವಧಿ ಇರಲಿಲ್ಲ.
ನಲವತ್ತು ವರ್ಷ ಅವನ ಕೈಯಿಂದಲೇ ಮೀನು ಕೊಂಡವಳು
ಅವನು ಪಿಕಪ್ಪಿಗೆ ಹೋಗಿ ಡ್ರೈವಿಂಗ್ ಲೈಸೆನ್ಸ್ ತರುವತನಕ
ಮುದ್ರೆ ಒತ್ತಲಿಲ್ಲ.

ಮನೆಗೆ ಬರುವಾಗ ಹಳ್ಳದ ಸೇತುವೆಯ ಮೇಲೆ
ಇಂಜಿನ್ ಆರಿಸಿದ. ಮೊದಲ ಮಳೆಯ ಮರುದಿನ, ಕತ್ತಲು.
ಕೆಳಗೆ ನೀರು ತನ್ನ ಪಾಡಿಗೆ.
ಆಮೇಲೆ ಒದ್ದೆ ಬಟ್ಟೆ ಕಲ್ಲಿಗೆ ಬಡಿದಂತೆ ಸಪ್ಪಳ,
ಒಂದೇ ಸಲ.
"ಒಂದು," ಅಂದ ಅಪ್ಪ.
ನಾನು ಬರೆದುಕೊಳ್ಳಲಿಲ್ಲ. ಕಣ್ಣಾರೆ ಕಂಡೆಯಾ ಎಂದು
ಅಂಚಿನಲ್ಲಿ ಗೀಚಿಯಾಳು ವಕೀಲೆ,
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವವಳು.
ಕಂಬಿ ತಣ್ಣಗಿತ್ತು. ಎರಡನೆಯದು ಬಂದೀತೆಂದು
ಅದನ್ನು ಹಿಡಿದು ಇಬ್ಬರೂ
ಬಹಳ ಹೊತ್ತು ನಿಂತೆವು.