ಅಯಸ್ಕಾಂತ ಬಿದ್ದ ಜಾಗಗಳು

ಬೆಂಜ್ ಕೇಳಿದೆ. ರೇಟು ಕೇಳಿ ಚೀಲ ಎತ್ತಿಕೊಂಡೆ.
ಫಿಯೆಟ್ಟಿಗೆ ಮೂಡುಬಿದಿರೆಯ ಡಾಕ್ಟರೊಬ್ಬರು
ಮುಂಗಡ ಕೊಟ್ಟಾಗಿತ್ತು.
ಹೆರಾಲ್ಡಿನ ಬಾನೆಟ್ ಎತ್ತಿದರೆ ಒಳಗೆ
ಕೋಳಿ ಕಾವಿಗೆ ಕೂತಿತ್ತು;
ಅದನ್ನೆಬ್ಬಿಸುವಷ್ಟು ದುಡ್ಡು ನನ್ನಲ್ಲಿರಲಿಲ್ಲ,
ಧೈರ್ಯವೂ.

ಬಂದರಿನ ಐಸ್ ಪ್ಲಾಂಟಿನ ಲೆಕ್ಕದವಳು ನಾನು.
ಇಪ್ಪತ್ತೆರಡು ವರ್ಷ
ಕರಗುವ ಸರಕಿನ ಲೆಕ್ಕ ಬರೆದವಳಿಗೆ
ಕರಗದ್ದೊಂದು ಬೇಕಿತ್ತು.
ತುಕ್ಕೂ ಒಂದು ಕರಗುವಿಕೆಯೇ ಎಂದು
ಆಗ ಯಾರೂ ಹೇಳಲಿಲ್ಲ.

ಜೆಪ್ಪಿನ ಎವ್ಜಿನ್ ಬಾಯಿಯ ಹಿತ್ತಿಲಲ್ಲಿ
ತಾರ್ಪಾಲಿನಡಿ ಸಿಕ್ಕಿತು: ಮೋರಿಸ್ ಮೈನರ್,
ಬೆನ್ನಿಗೆ ಮರದ ಚೌಕಟ್ಟು, ಕಿಟಕಿಯ ಅಂಚಲ್ಲಿ ಪಾಚಿ.
"ಅಪ್ಪನ ಬ್ಯಾಂಡ್‌ಸೆಟ್ಟಿನ ಗಾಡಿ.
ಮದುವೆಗೆ ಹೊರಟರೆ ಡ್ರಮ್ಮು ಹಿಂದೆ,
ಡ್ರಮ್ಮಿನ ಮೇಲೆ ನಾವು ಮಕ್ಕಳು.
ಎಂಬತ್ತು ಸಾವಿರ ಕೊಡಿ, ತಕೊಂಡು ಹೋಗಿ."

ಕುದ್ರೋಳಿಯ ಇದಿನಬ್ಬ ಬಂದ,
ಒಡೆದ ಸ್ಪೀಕರಿನ ಅಯಸ್ಕಾಂತ ಜೇಬಲ್ಲಿಟ್ಟುಕೊಂಡು.
"ಕಣ್ಣಿಂದ ಕೊಳ್ಳಬೇಡಿ ಅಕ್ಕ, ಇದರಿಂದ ಕೊಳ್ಳಿ."
ಮಡ್‌ಗಾರ್ಡಿಗೆ ಹಿಡಿದ, ಅಂಟಿತು.
ಬಾಗಿಲಿಗೆ ಅಂಟಿತು.
ಬಾಗಿಲ ಬುಡಕ್ಕೆ ಹಿಡಿದರೆ
ಟಪ್ಪೆಂದು ಮಣ್ಣಿಗೆ.
"ಇಲ್ಲಿ ತಗಡಿಲ್ಲ, ಬರೀ ಪುಟ್ಟಿ. ಪೌಡರ್ ಹಾಕಿದ ಮುಖ."
ಹದಿನೇಳು ಕಡೆ ಬಿತ್ತು.
ಬಸ್ ಟಿಕೇಟಿನ ಹಿಂದೆ ಗೀಟು ಹಾಕುತ್ತ ಹೋದೆ,
ಗೀಟಿಗೊಂದು ಸಾವಿರ ಕಮ್ಮಿ.
ಎವ್ಜಿನ್ ಬಾಯಿ ಟಿಕೇಟು ತಿರುಗಿಸಿ ಎಣಿಸಿದರು,
ಎರಡು ಸಲ,
ಅರವತ್ತಮೂರಕ್ಕೆ ಒಪ್ಪಿದರು.

ತಗಡು ಇದಿನಬ್ಬನದು. ಮರಕ್ಕೆ ಅವನೂ ಕೈಯೆತ್ತಿದ.

ಬೋಳಾರದ ಐತಪ್ಪಾಚಾರಿಗೆ
ಫೈಬರ್ ದೋಣಿ ಬಂದಲ್ಲಿಂದ ಕೆಲಸವಿಲ್ಲ.
ಬಂದವರು ಇಂಜಿನ್ ನೋಡಲಿಲ್ಲ, ಚಕ್ರ ನೋಡಲಿಲ್ಲ,
ಚೌಕಟ್ಟಿಗೆ ಹೆಬ್ಬೆರಳ ಉಗುರು ಒತ್ತಿದರು;
ಬೆಂದ ಗೆಣಸಿಗೆ ಇಳಿದಂತೆ ಇಳಿಯಿತು.
"ಕಾರು ಅಂತ ಯಾರು ಹೇಳಿದ್ದು ನಿಮಗೆ?
ಇದು ದೋಣಿಯೇ. ಕವುಚಿ ಹಾಕಿದ್ದಾರೆ, ಅಷ್ಟೆ."
ಬಿಲಾಯತಿಯ ಮರ ತೆಗೆದು ಹೆಬ್ಬಲಸು ಕೂರಿಸಿದರು,
ಒಂದು ಸಂದಿಗೆ ನಾಲ್ಕು ದಿನ, ಒಂದು ಬೀಡಿಗೆ ಅರ್ಧ ಗಂಟೆ.
ಕೊನೆಗೆ, ಬೇಡವೆಂದರೂ ಕೇಳದೆ,
ಬೂತಾಯಿ ಎಣ್ಣೆ ಉಜ್ಜಿದರು.
ಒಂದು ತಿಂಗಳು ನಮ್ಮ ಓಣಿಯ ಬೆಕ್ಕುಗಳೆಲ್ಲ
ನನ್ನ ಕಾರಿನ ಮಾಲೀಕರು.

ಎಡಬಾಗಿಲು ಬಿಚ್ಚಿದ ದಿನ ಅವರ ಅಂಗೈಯಲ್ಲಿ
ಹಸಿರುಗಟ್ಟಿದ ಹಿತ್ತಾಳೆ ತುಂಡೊಂದು:
ಟ್ರಂಪೆಟ್ಟಿಗೆ ತುಟಿಯಿಡುವ ಜಾಗ.
ಹುಣಿಸೆಹುಳಿ ಹಾಕಿ ತೊಳೆದೆ. ತುಟಿಗಿಡಲಿಲ್ಲ.
ಕೊಡಬೇಕಿತ್ತು, ಗೊತ್ತು.
ಅರವತ್ತಮೂರರೊಳಗೆ ಇದೂ ಬಂತೋ ಇಲ್ಲವೋ
ಎಂದು ಲೆಕ್ಕದವಳ ಬುದ್ಧಿ.
"ಇದ್ದಲ್ಲೇ ಇಟ್ಟು ಮುಚ್ಚಿ" ಎಂದೆ.
ಆಚಾರಿ ನನ್ನ ಮುಖ ನೋಡಿ, ಮೊಳೆ ಹುಡುಕತೊಡಗಿದರು.

ಈಗ ವೇಗ ನಲವತ್ತು ಮುಟ್ಟಿದರೆ
ಬಾಗಿಲೊಳಗೆ ಟಿಣ್, ಟಿಣ್.
ಇದಿನಬ್ಬ ಮೂರು ಸಲ ಎಲ್ಲ ನಟ್ಟು ಬಿಗಿದ,
ಸೈಲೆನ್ಸರ್ ಬೈದ, ನನ್ನ ರಸ್ತೆಗಳನ್ನು ಬೈದ.
ನಾನು ಆಗೆಲ್ಲ ಕನ್ನಡಿ ಒರೆಸುತ್ತಿದ್ದೆ.

ಮೊನ್ನೆ ಎವ್ಜಿನ್ ಬಾಯಿಯನ್ನು ಕೂರಿಸಿಕೊಂಡು
ಉಳ್ಳಾಲಕ್ಕೆ ಹೊರಟೆ.
ಹೊಸ ಪೇಂಟಿಗೆ ಏನೂ ಹೇಳಲಿಲ್ಲ,
ಸೀಟು ತಟ್ಟಿ ನೋಡಿ ಸುಮ್ಮನಾದರು.
ನೇತ್ರಾವತಿ ಸೇತುವೆಯ ನಡುವೆ ಥಟ್ಟನೆ
ಬಾಗಿಲಿಗೆ ಕಿವಿ ಕೊಟ್ಟು,
"ಈ ಸದ್ದು ಇನ್ನೂ ಉಂಟಲ್ಲ ಮಾರಾಯ್ತಿ!
ಅಪ್ಪ ಹುಡುಕೀ ಹುಡುಕೀ ಸೋತಿದ್ದ."

ಹೇಳಿಬಿಡೋಣವೆಂದು ಬಾಯಿ ತೆರೆದೆ.
ಅವರ ಬೆರಳು ಅಷ್ಟರಲ್ಲಿ ಗಾಜಿನ ಮೇಲೆ
ಅದರ ಜತೆಗೆ ತಾಳ ಹಿಡಿದಾಗಿತ್ತು.

ಮುಳ್ಳು ನಲವತ್ತರಿಂದ ಅಲ್ಲಾಡದಂತೆ
ಕಾಲು ಹಿಡಿದು ಕೂತೆ.
ಹಿಂದೆ ಮೀನಿನ ಲಾರಿಯೊಂದು
ಹಾರನ್ ಹೊಡೆಯುತ್ತಲೇ ಇತ್ತು.